ವಿಜಯಪುರ ಎಂಥ ಊರು? ಬಿಜಾಪುರ ಅನ್ನೋ ಹೆಸರು ಯಾಕೆ ಬದಲಾಯಿತು?

ವರ್ಗವಾಗಿ ವಿಜಯಪುರಕ್ಕೆ ಬರುತ್ತಿದ್ದೇನೆ, ಊರು ಹೇಗಿದೆ, ಹೊಸ ಹೆಸರು ಎಲ್ಲಿಂದ ಬಂತು ಎಂದು ಕೇಳಿದ್ದೀರಿ. ಇಲ್ಲೇ ಹುಟ್ಟಿ ಬೆಳೆದವನು ನಾನು, ಹೆಸರಿನಿಂದಲೇ ಶುರು ಮಾಡುತ್ತೇನೆ.

ಸರ್ಕಾರಿ ಬೋರ್ಡು ಬದಲಾದದ್ದು 2014ರ ನವೆಂಬರ್ 1ಕ್ಕೆ. ಹೆಸರು ಮಾತ್ರ ಹೊಸದಲ್ಲ. ಕಲ್ಯಾಣದ ಚಾಲುಕ್ಯರ ಕಾಲಕ್ಕೇ ಇದು ವಿಜಯಪುರ. ಅಭಿನವ ಪಂಪನೆಂದು ಹೆಸರಾದ ನಾಗಚಂದ್ರ ಇಲ್ಲಿ ಮಲ್ಲಿನಾಥ ಜಿನಾಲಯ ಕಟ್ಟಿಸಿದ, ಆ ತೀರ್ಥಂಕರನ ಮೇಲೆ ಮಲ್ಲಿನಾಥಪುರಾಣವನ್ನೂ ಬರೆದ. ಗೋಳಗುಮ್ಮಟ ಏಳುವುದಕ್ಕೆ ಐದು ಶತಮಾನ ಮುಂಚಿನ ಮಾತಿದು. ಮುಂದೆ ಜನರ ಬಾಯಲ್ಲಿ ವಿಜಾಪುರ, ಬಿಜಾಪುರ ಆಯಿತು. ಹಳ್ಳಿಯ ಹಿರಿಯರು ಇವತ್ತಿಗೂ "ವಿಜಾಪುರಕ್ಕ ಹೊಂಟೀನ್ರೀ" ಅಂತಾರೆ. ನೀವು ಯಾವ ಹೆಸರು ಹೇಳಿದರೂ ಇಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ.

ಗುಮ್ಮಟವನ್ನು ಹೇಗೂ ನೋಡುತ್ತೀರಿ. ಒಂದೂ ಕಂಬವಿಲ್ಲದೆ ಸುಮಾರು 44 ಮೀಟರ್ ವ್ಯಾಸದ ಗುಮ್ಮಟ ಹೇಗೆ ನಿಂತಿದೆ ಎಂದು ತಲೆಯೆತ್ತಿ ನೋಡಿ: ಒಂದನ್ನೊಂದು ಹಾಯ್ದು ಹೋಗುವ ಕಮಾನುಗಳು ಅದರ ಭಾರ ಹೊತ್ತಿವೆ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋಗಿ. ಆಮೇಲೆ ಶಾಲೆಯ ಮಕ್ಕಳು ಬಂದರೆ ಪಿಸುಮಾತಿನ ಗ್ಯಾಲರಿಯಲ್ಲಿ ಏನೂ ಕೇಳಿಸದು.

ಆದರೆ ನನ್ನನ್ನು ಕೇಳಿದರೆ ಈ ಊರಿನ ನಿಜವಾದ ಬೆರಗು ನೀರು. ಮಳೆ ಕಡಿಮೆ, ನೆಲದಡಿ ಕರಿಕಲ್ಲು. ಇಂಥ ಜಾಗದಲ್ಲಿ ಆದಿಲ್‌ಶಾಹಿಗಳು ರಾಜಧಾನಿ ಕಟ್ಟಿ 1686ರವರೆಗೆ ಆಳಿದರು. ಪಶ್ಚಿಮದ ತೊರವಿಯಿಂದ ನೆಲದೊಳಗೆ ಸುರಂಗ ಕೊರೆಸಿ ನೀರು ತಂದರು. 1651ರಲ್ಲಿ ಮುಹಮ್ಮದ್ ಆದಿಲ್ ಶಾಹ ಬೇಗಂ ತಲಾಬ್ ಕಟ್ಟಿಸಿ ಮಣ್ಣಿನ ಕೊಳವೆಗಳಲ್ಲಿ ನೀರು ಹರಿಸಿದ. ಒತ್ತಡ ಹೆಚ್ಚಾಗಿ ಕೊಳವೆ ಒಡೆಯಬಾರದು, ರಾಡಿ ತಳಕ್ಕಿಳಿಯಬೇಕು ಎಂದು ದಾರಿಯುದ್ದಕ್ಕೂ ಗೋಪುರ ಎಬ್ಬಿಸಿದರು. ಅವಕ್ಕೆ ಗಂಜ್ ಅನ್ನುತ್ತಾರೆ. ಇವತ್ತು ಕೆಲವು ಗಂಜ್‌ಗಳು ಮನೆಗಳ ನಡುವೆ ಸಿಕ್ಕಿಕೊಂಡು ನಿಂತಿವೆ. ಬಂದ ಪ್ರವಾಸಿಗರಿಗೆ ಅವುಗಳ ಹೆಸರು ಕೂಡ ಯಾರೂ ಹೇಳುವುದಿಲ್ಲ. ನನಗೆ ಇದು ಬಹಳ ನೋವಿನ ವಿಷಯ. ಕಸ ತುಂಬಿದ್ದ ತಾಜ್ ಬಾವಡಿ ಎಂಬ ಹಳೆಯ ದೊಡ್ಡ ಬಾವಿಯ ಹೂಳೆತ್ತಿದ್ದಾರೆ, ಅಷ್ಟಾದರೂ ಆಯಿತು. ಮೊದಲು ಅಲ್ಲಿಗೆ ಹೋಗಿ, ಆಮೇಲೆ ಇಬ್ರಾಹಿಂ ಆದಿಲ್ ಶಾಹನ ಗೋರಿಯಿರುವ ಇಬ್ರಾಹಿಂ ರೋಜಾ.

ಔರಂಗಜೇಬ ಗೆದ್ದ ಮೇಲೆ ಊರು ಹಾಳುಬಿತ್ತು. 1885ರಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ಇಲ್ಲಿಗೆ ಬಂದಾಗ ಮತ್ತೆ ಜೀವ ಬಂತು. ವಕೀಲರಾಗಿ ಇಲ್ಲಿಗೆ ಬಂದ ಫ.ಗು. ಹಳಕಟ್ಟಿಯವರು ಮಠ, ಮನೆಗಳಲ್ಲಿದ್ದ ತಾಳೆಗರಿ ಕೂಡಿಸಿ ವಚನಗಳನ್ನು ಅಚ್ಚು ಹಾಕಿಸಿದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯ, ಮರುವರ್ಷ ಶಿವಾನುಭವ ಪತ್ರಿಕೆ. ಇವತ್ತು ಕನ್ನಡಿಗರ ಮನೆಮನೆಯಲ್ಲಿ ವಚನ ಇರುವುದಕ್ಕೆ ನಮ್ಮೂರಿನ ಋಣ ದೊಡ್ಡದು.

ದಿನದ ಬದುಕಿನ ಬಗ್ಗೆ ಎರಡು ಮಾತು. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಬಿಸಿಲಿಗೆ ಕಾಯುವ ಮೇಲಿನ ಮಹಡಿಯ ಮನೆ ಹಿಡಿಯಬೇಡಿ, ನೆಲಮಹಡಿ ನೋಡಿ. ಊಟಕ್ಕೆ ಜೋಳದ ರೊಟ್ಟಿ, ಶೇಂಗಾ ಚಟ್ನಿ ಎಲ್ಲ ಖಾನಾವಳಿಯಲ್ಲೂ ಸಿಗುತ್ತದೆ. ಸುತ್ತಲೂ ದ್ರಾಕ್ಷಿ ತೋಟ, ಒಣದ್ರಾಕ್ಷಿ ಇಲ್ಲೇ ಕೊಳ್ಳಿ. ಸಂಕ್ರಾಂತಿಯೊಳಗೆ ಬಂದರೆ ಸಿದ್ಧೇಶ್ವರ ಜಾತ್ರೆಯೂ ಸಿಗುತ್ತದೆ, ದನದ ಜಾತ್ರೆ ತಪ್ಪಿಸಬೇಡಿ.