ಹದಿನೇಳನೇ ಪುಟ ದಾಟದ ಪುಸ್ತಕಗಳು

ಮಗನ ಓದಿನ ಬಗ್ಗೆ ಸಲಹೆ ಕೇಳಲು ನನ್ನ ಹತ್ತಿರ ಬಂದ ತಾಯಿಯೊಬ್ಬರು ಬಂದವರೇ ಚೀಲದಿಂದ ಆರು ಪುಸ್ತಕ ತೆಗೆದು ನನ್ನ ಮೇಜಿನ ಮೇಲೆ ಇಟ್ಟರು. ಎಲ್ಲವೂ ಹೊಸದರ ಹಾಗೇ ಇದ್ದವು. ಪ್ರತಿಯೊಂದರಲ್ಲೂ ಒಂದು ಬುಕ್‌ಮಾರ್ಕ್ ಇತ್ತು. ತೆರೆದು ನೋಡಿದೆ. 12ನೇ ಪುಟ, 17, 15, ಮತ್ತೆ 17. ಇಪ್ಪತ್ತು ದಾಟಿದ್ದು ಒಂದೂ ಇಲ್ಲ.

"ಒಂಬತ್ತು ವರ್ಷ ಆಗೋವರೆಗೂ ಪುಸ್ತಕದ ಹುಳು ಆಗಿದ್ದ ಮೇಡಂ. ಈಗ ಹನ್ನೊಂದು. ಪುಸ್ತಕ ಅಂದ್ರೆ ಸಾಕು, ಎದ್ದು ಹೋಗ್ತಾನೆ" ಎಂದರು.

ಆರೂ ಪುಸ್ತಕ ಆರಿಸಿದ್ದು ತಂದೆ. ಸಾಧಕರ ಜೀವನಚರಿತ್ರೆಗಳು, ನೀತಿ ಕಥೆಗಳು, ಒಂದು ದಪ್ಪ ಕಾದಂಬರಿ. ಓದಿದ ಪ್ರತಿ ಪುಸ್ತಕಕ್ಕೂ ಒಂದು ಪುಟ ಸಾರಾಂಶ ಬರೆಯಬೇಕು ಅನ್ನೋದು ಮನೆಯ ನಿಯಮ. ತಂದೆ ಗದರುವವರಲ್ಲ. ಮಗ ಓದಲಿ ಅನ್ನುವ ಆಸೆ ಅವರ ಮುಖದಲ್ಲೇ ಕಾಣುತ್ತಿತ್ತು. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಹುಡುಗನನ್ನು ಇಲ್ಲಿ ಚಿಂಟು ಅನ್ನೋಣ.

ಮೊದಲು ಅವನ ಕೈಲಿ ಒಂದು ಪುಟ ಜೋರಾಗಿ ಓದಿಸಿದೆ. ಸರಾಗವಾಗಿ ಓದಿದ. ಇದನ್ನು ನಾನು ಎಂದೂ ಬಿಡುವುದಿಲ್ಲ. ಮಗು ಸಾಲು ತಪ್ಪಿಸುತ್ತಿದ್ದರೆ, ಮೊದಲ ಅಕ್ಷರ ನೋಡಿ ಉಳಿದದ್ದನ್ನು ಊಹಿಸುತ್ತಿದ್ದರೆ, ಓದಿದ ಮೇಲೆ ತಲೆನೋವು ಅನ್ನುತ್ತಿದ್ದರೆ ಮೊದಲು ಕಣ್ಣಿನ ಡಾಕ್ಟರ್, ಆಮೇಲೆ ಕಲಿಕೆಯ ತೊಂದರೆ ಬಲ್ಲ ತಜ್ಞರು. ಅಂಥ ಮಗುವಿಗೆ "ಓದು, ಓದು" ಅನ್ನುವುದು ಗಾಯದ ಮೇಲೆ ಬರೆ ಎಳೆದ ಹಾಗೆ. ಚಿಂಟುವಿಗೆ ಆ ತೊಂದರೆ ಇರಲಿಲ್ಲ.

ಅಪ್ಪ ಅಮ್ಮನನ್ನು ಹೊರಗೆ ಕೂರಿಸಿ ಅವನ ಜೊತೆ ಮಾತಿಗೆ ಕೂತೆ. ಯಾವ ಪುಸ್ತಕ ಇಷ್ಟ ಅಂತ ಕೇಳಲಿಲ್ಲ. ಹಾಗೆ ಕೇಳಿದರೆ ಈ ವಯಸ್ಸಿನ ಮಕ್ಕಳು ನಮಗೆ ಬೇಕಾದ ಉತ್ತರ ಕೊಟ್ಟು ಮುಗಿಸುತ್ತಾರೆ. "ಇತ್ತೀಚೆಗೆ ಫ್ರೆಂಡಿಗೆ ಹೇಳಲೇಬೇಕು ಅನ್ನಿಸಿದ್ದು ಏನಾದ್ರೂ ಇತ್ತಾ?" ಎಂದೆ. ಸ್ವಲ್ಪ ಹೊತ್ತು ಸುಮ್ನೆ ಕೂತ. ಆಮೇಲೆ ಕುರ್ಚಿಯ ತುದಿಗೆ ಬಂದ.

"ಎಂಡ್ಯೂರೆನ್ಸ್ ಅಂತ ಒಂದು ಹಡಗು ಮೇಡಂ. 1915ರಲ್ಲಿ ಅಂಟಾರ್ಕ್ಟಿಕಾ ಹತ್ರ ಮಂಜುಗಡ್ಡೆಯಲ್ಲಿ ಸಿಕ್ಕಾಕ್ಕೊಂಡಿತ್ತು. ಮಂಜು ಒತ್ತಿ ಒತ್ತಿ ಹಡಗೇ ಪುಡಿ ಆಯ್ತು. ಮುಳುಗೂ ಹೋಯ್ತು. ಆದ್ರೆ ಅದರಲ್ಲಿದ್ದ 28 ಜನಾನೂ ಬದುಕಿದ್ರು!" ಹಡಗಿನಲ್ಲಿ ಒಂದು ಬೆಕ್ಕಿತ್ತಂತೆ. ಹೆಸರು ಮಿಸೆಸ್ ಚಿಪ್ಪಿ, ಆದರೆ ಅದು ಗಂಡು. ಇದನ್ನು ಹೇಳಿ ಅವನೇ ನಕ್ಕ. ಆಮೇಲೆ ದನಿ ಸಣ್ಣದಾಯಿತು. "ಅದನ್ನ ಮಾತ್ರ ಗುಂಡು ಹೊಡೆದು ಸಾಯಿಸಿಬಿಟ್ರು. ಊಟ ಸಾಲಲ್ಲ ಅಂತ." 2022ರಲ್ಲಿ ಆ ಹಡಗು ಸಮುದ್ರದಲ್ಲಿ ಸುಮಾರು 3,000 ಮೀಟರ್ ಆಳದಲ್ಲಿ ಸಿಕ್ಕಿದ್ದೂ ಅವನಿಗೆ ಗೊತ್ತಿತ್ತು.

ಇದನ್ನೆಲ್ಲ ಎಲ್ಲಿ ಓದಿದೆ ಅಂದರೆ, ಒಂದು ಚಿತ್ರಪುಸ್ತಕದಲ್ಲಿ ಅಂದ. ಬೈಂಡಿಂಗ್ ಕಿತ್ತುಹೋಗಿ ಎರಡು ಸಲ ಟೇಪ್ ಹಾಕಿದ್ದಾನಂತೆ. ಇಟ್ಟುಕೊಂಡಿರುವುದು ಹಾಸಿಗೆಯ ಕೆಳಗೆ. "ಅಪ್ಪ ಅದು ಪುಸ್ತಕ ಅಲ್ಲ ಅಂತಾರೆ. ಚಿತ್ರ ಜಾಸ್ತಿ ಇದೆ ಅಲ್ವಾ, ಅದಕ್ಕೆ."

ಚಿಂಟು ಓದು ಬಿಟ್ಟಿರಲಿಲ್ಲ. ಬಚ್ಚಿಟ್ಟಿದ್ದ.

ಅವನ ಒಪ್ಪಿಗೆ ಕೇಳಿಕೊಂಡೇ ಇದನ್ನು ತಂದೆಗೆ ಹೇಳಿದೆ. ಅವರು ತುಂಬ ಹೊತ್ತು ಮಾತಾಡಲಿಲ್ಲ. "ನಿಜವಾದ ವಿಷಯಗಳಲ್ಲಿ ಅವನಿಗೆ ಆಸಕ್ತೀನೇ ಇಲ್ಲ ಅಂದ್ಕೊಂಡಿದ್ದೆ" ಎಂದರು. ಚಿತ್ರಕಥೆ ಅಂದರೆ ಓದು ಅಲ್ಲ ಅನ್ನುವುದು ಅವರೊಬ್ಬರ ಮಾತಲ್ಲ, ಬಹಳ ತಂದೆತಾಯಿ ಹೇಳುತ್ತಾರೆ. ಆದರೆ ಅಮೆರಿಕದಲ್ಲಿ ಗ್ರಂಥಪಾಲಕರು 1922ರಿಂದ ಮಕ್ಕಳ ಪುಸ್ತಕಕ್ಕೆ ಕೊಡುತ್ತಿರುವ ನ್ಯೂಬೆರಿ ಪದಕ 2020ರಲ್ಲಿ ಮೊದಲ ಸಲ ಒಂದು ಗ್ರಾಫಿಕ್ ಕಾದಂಬರಿಗೆ, ಅಂದರೆ ಚಿತ್ರಕಥೆಯ ರೂಪದ ಕಾದಂಬರಿಗೆ, ಹೋಯಿತು. ಚಿತ್ರ ಮತ್ತು ಮಾತು ಎರಡನ್ನೂ ಸೇರಿಸಿ ಅರ್ಥ ಮಾಡಿಕೊಳ್ಳುವುದೂ ಓದೇ ಎಂದೆ.

ತಾಯಿ ಪೆನ್ನು ತೆಗೆದು "ಯಾವ ಪುಸ್ತಕ ಕೊಡಿಸಬೇಕು, ಪಟ್ಟಿ ಹೇಳಿ" ಎಂದರು. ಪಟ್ಟಿ ಕೊಡಲಿಲ್ಲ. ನನಗೆ ಹಿಡಿಸಿದ ಹತ್ತು ಪುಸ್ತಕ ಬರೆದುಕೊಟ್ಟರೆ ಅವೂ 17ನೇ ಪುಟದಲ್ಲೇ ನಿಲ್ಲುತ್ತವೆ. ಬದಲಿಗೆ ಮಗ ಈಗಾಗಲೇ ಮೆಚ್ಚಿದ್ದರಲ್ಲಿ ಏನೇನಿದೆ ಅಂತ ಮೂವರೂ ಕೂತು ನೋಡಿದೆವು. ಅಪಾಯ, ಜೊತೆಗಾರರು, ಒಂದು ಪ್ರಾಣಿ, ಮಂಜು, ಬದುಕಿ ಬರುವುದು. ದಾರಿ ಅಲ್ಲೇ ಇತ್ತು. ಧ್ರುವ ಯಾತ್ರೆಗಳ ಬಗ್ಗೆ ಫೋಟೋ, ನಕ್ಷೆ ಇರುವ ಪುಸ್ತಕ. ಕಾಡಿನಲ್ಲೋ ದ್ವೀಪದಲ್ಲೋ ಒಂಟಿಯಾಗಿ ಉಳಿದ ಮಗುವಿನ ಕಾದಂಬರಿ. ಪ್ರಾಣಿಯೇ ಹೇಳುವ ಕಥೆ. ಚಿಂಟು ತಮಾಷೆಯ ಹುಡುಗ, ಹಾಗಾಗಿ ಡೈರಿಯ ಹಾಗೆ ಬರೆದ, ನಡುನಡುವೆ ಗೀಚು ಚಿತ್ರ ಇರುವ ನಗೆ ಪುಸ್ತಕವೂ ಒಂದಿರಲಿ ಎಂದೆ. ಅದರಲ್ಲಿ ಏನಾದರೂ ಹಿಡಿಸಿ, ಅದಕ್ಕೆ ಮುಂದಿನ ಭಾಗಗಳಿದ್ದರೆ ಅದಕ್ಕಿಂತ ಅದೃಷ್ಟ ಬೇರೆ ಇಲ್ಲ. ಹಳೆಯ ಗೆಳೆಯರೇ ಮತ್ತೆ ಸಿಗುವಾಗ ಹೊಸ ಪುಸ್ತಕ ಶುರು ಮಾಡುವ ಕಷ್ಟ ಇರುವುದಿಲ್ಲ.

ಒಂಬತ್ತರಿಂದ ಹನ್ನೆರಡು ವರ್ಷದವರಿಗೆ ತಮ್ಮನ್ನು ಚಿಕ್ಕವರು ಅಂದರೆ ಆಗುವುದಿಲ್ಲ. ತಮಗಿಂತ ಒಂದೆರಡು ವರ್ಷ ದೊಡ್ಡವರ ಕಥೆ ಬೇಕು. ದೊಡ್ಡವರು ಬಂದು ಸರಿ ಮಾಡುವ ಕಥೆ ಬೇಡ. ಸ್ನೇಹಿತ ದೂರ ಆಗುವುದು, ಅನ್ಯಾಯ, ಎಲ್ಲರ ಮುಂದೆ ಆಗುವ ಅವಮಾನ, ಇವು ಅವರ ದಿನದಿನದ ಸಂಗತಿ. ಬುದ್ಧಿವಾದದ ವಾಸನೆ ಮಾತ್ರ ಮೊದಲ ಪುಟದಲ್ಲೇ ಹತ್ತುತ್ತದೆ.

"ದೊಡ್ಡವರ ವಿಷಯ ಇರೋ ಪುಸ್ತಕ ಕೈಗೆ ಸಿಕ್ಕರೆ?" ಎಂದು ತಾಯಿ ಕೇಳಿದರು. ನ್ಯಾಯವಾದ ಭಯ. ಕೊಡುವ ಮೊದಲು ನೀವು ಒಂದಷ್ಟು ಪುಟ ಓದಿ. ಬೇಡ ಅನ್ನಿಸಿದರೆ ಕಾರಣ ಹೇಳಿ, "ಎರಡು ವರ್ಷ ಬಿಟ್ಟು ಓದೋಣ" ಅನ್ನಿ. ಕಸಿದುಕೊಳ್ಳಬೇಡಿ. ಬಚ್ಚಿಡೋದು ಅವನಿಗೆ ಈಗಾಗಲೇ ಗೊತ್ತು.

ಸಾರಾಂಶ ಬರೆಸುವುದನ್ನು ನಿಲ್ಲಿಸಿ ಅಂದದ್ದೇ ತಂದೆಗೆ ಎಲ್ಲಕ್ಕಿಂತ ಕಷ್ಟವಾಯಿತು. ಶಿಕ್ಷಕರೂ ಆಗಿದ್ದ ಫ್ರೆಂಚ್ ಲೇಖಕ ಡೇನಿಯಲ್ ಪೆನಾಕ್ 1992ರಲ್ಲಿ ಓದುಗನ 10 ಹಕ್ಕುಗಳನ್ನು ಬರೆದರು. ಅದರಲ್ಲಿ ಮೂರನೆಯದು ಪುಸ್ತಕ ಮುಗಿಸದೇ ಇರುವ ಹಕ್ಕು. ಹತ್ತನೆಯದು ಓದಿದ್ದರ ಬಗ್ಗೆ ಸುಮ್ಮನಿರುವ ಹಕ್ಕು. ಈ ಎರಡನ್ನು ಒಂದು ತಿಂಗಳು ಮಗನಿಗೆ ಕೊಟ್ಟು ನೋಡಿ ಎಂದು ಕೇಳಿಕೊಂಡೆ. ನಾಲ್ಕೈದು ಪುಸ್ತಕ ಅವನ ಕೈಗೆ ಸಿಗುವ ಕಡೆ ಇಡಿ, ಆರಿಸುವುದು ಅವನು. ಇಪ್ಪತ್ತು ಪುಟ ಓದಿ ಬೇಡ ಅಂದರೆ ಯಾಕೆ ಅಂತ ಕೇಳಬೇಡಿ. ಮಲಗುವ ಮುಂಚೆ ಹದಿನೈದು ನಿಮಿಷ ತಂದೆ ಓದಿ ಹೇಳಲಿ. ಹನ್ನೊಂದು ವರ್ಷಕ್ಕೆ ಅದು ಮುಗಿದುಹೋಗಬೇಕಾಗಿಲ್ಲ. ತಾನೇ ಓದಿದರೆ ತೊಡರುವ ಪುಸ್ತಕ ಕೇಳುವಾಗ ಚೆನ್ನಾಗಿ ಅರ್ಥವಾಗುತ್ತದೆ.

ಆರು ವಾರದ ನಂತರ ಬಂದರು. ಚಿಂಟು ಎರಡು ಪುಸ್ತಕ ಅರ್ಧಕ್ಕೆ ಬಿಟ್ಟಿದ್ದ, ಒಂದನ್ನು ಎರಡು ಸಲ ಓದಿದ್ದ. ಟೇಪ್ ಹಾಕಿದ ಚಿತ್ರಪುಸ್ತಕ ಈಗ ಹಾಸಿಗೆಯ ಮೇಲೆ, ದಿಂಬಿನ ಪಕ್ಕದಲ್ಲಿತ್ತು. ಆದರೆ ಅವನು ಬಂದದ್ದೇ ಒಂದು ದೂರು ಹೊತ್ತುಕೊಂಡು. ರಾತ್ರಿ ಓದಿ ಹೇಳುವ ಧ್ರುವ ಯಾತ್ರೆಯ ಪುಸ್ತಕವನ್ನು ಅಪ್ಪ ತನ್ನನ್ನು ಬಿಟ್ಟು ಮೂರು ಅಧ್ಯಾಯ ಮುಂದಕ್ಕೆ ಓದಿಬಿಟ್ಟಿದ್ದಾರೆ ಅಂತ. ತಂದೆ ತಲೆ ತಗ್ಗಿಸಿ, "ನಿಲ್ಲಿಸೋಕೇ ಆಗಲಿಲ್ಲ ಕಣೋ" ಎಂದರು.