ಕಾರಿನ ಟಾಪ್ ಮೇಲೆ ಸೋಲಾರ್ ಹಾಕಿಸಬಹುದಾ?

ಪ್ರಶ್ನೆ: ಸರ್, ನಮ್ಮ ಕಡೆ ಬಿಸಿಲು ಹೆಂಗಿರುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ಇವಿ ಕಾರು ತಗೊಳ್ಳೋ ಯೋಚನೆ ಇದೆ. ಟಾಪ್ ಮೇಲೆ ಸೋಲಾರ್ ಪ್ಯಾನಲ್ ಹಾಕಿಸಿದರೆ ಕರೆಂಟ್ ಖರ್ಚೇ ಇಲ್ಲದೆ ಓಡಿಸಬಹುದಲ್ವಾ? ಗಿಣಿಗೇರಿ ಕಡೆ ಡ್ಯೂಟಿ, ದಿನಕ್ಕೆ ಹೋಗಿಬರೋದು 30 ಕಿ.ಮೀ. ಆಗುತ್ತೆ.
– ಓದುಗರೊಬ್ಬರು, ಕೊಪ್ಪಳ

ಉತ್ತರ: ಬಿಸಿಲಿಗೆ ಬರ ಇಲ್ಲ ಬಿಡಿ, ಜಾಗಕ್ಕೇ ಬರ. ಮನೆ ಮೇಲೆ ಹಾಕೋ 540 ವ್ಯಾಟ್ ಪ್ಯಾನಲ್ ಎರಡೂಕಾಲು ಮೀಟರ್ ಉದ್ದ, ಒಂದು ಮೀಟರಿಗಿಂತ ಜಾಸ್ತಿ ಅಗಲ. ಸಾಮಾನ್ಯ ಕಾರಿನ ಟಾಪ್ ಮೇಲೆ ಅಂಥದ್ದು ಒಂದೂ ಸರಿಯಾಗಿ ಕೂರೋದಿಲ್ಲ. ಎಷ್ಟು ಎಳೆದಾಡಿದರೂ 300 ವ್ಯಾಟ್ ಆಸುಪಾಸು. ನಮ್ಮ ಕಡೆ ದಿನಕ್ಕೆ ಐದು ಗಂಟೆಯ ಒಳ್ಳೆ ಬಿಸಿಲಿನ ಲೆಕ್ಕ ಹಿಡಿದರೆ ಒಂದೂವರೆ ಯೂನಿಟ್ ಬರಬೇಕು, ಆದರೆ ಅದು ಕಾಗದದ ಮೇಲೆ ಮಾತ್ರ. ಏಪ್ರಿಲ್‌ನಲ್ಲಿ ಹೊರಗೆ 42 ಡಿಗ್ರಿ ಇದ್ದಾಗ ಪ್ಯಾನಲ್ 65–70ಕ್ಕೆ ಕಾಯುತ್ತದೆ, 25 ಡಿಗ್ರಿ ದಾಟಿದ ಮೇಲೆ ಪ್ರತಿ ಡಿಗ್ರಿಗೂ ಶೇ. 0.3ರಿಂದ 0.4ರಷ್ಟು ಕರೆಂಟ್ ಕಮ್ಮಿ ಕೊಡುತ್ತದೆ, ಅಂದರೆ ಬರೀ ಕಾವಿಗೇ ಶೇ. 15ರಷ್ಟು ಹೋಯಿತು. ಮೇಲೆ ಗಿಣಿಗೇರಿಯ ಧೂಳು. ಬೆಳಿಗ್ಗೆ ಒರೆಸಿದ ಬಾನೆಟ್ ಮೇಲೆ ಸಂಜೆ ಬೆರಳಲ್ಲಿ ಹೆಸರು ಬರೆಯಬಹುದು, ಅದೇ ಧೂಳು ಪ್ಯಾನಲ್ ಮೇಲೂ ಕೂರುತ್ತದೆ. ಎಲ್ಲಾ ಕಳೆದು ಕೈಗೆ ಸಿಗೋದು ದಿನಕ್ಕೆ ಒಂದು ಯೂನಿಟ್. ಯೂನಿಟ್‌ಗೆ ಏಳು ಕಿ.ಮೀ. ಅಂದುಕೊಂಡರೆ ನಿಮ್ಮ 30 ಕಿ.ಮೀ.ಗೆ ನಾಲ್ಕೂಕಾಲು ಯೂನಿಟ್ ಬೇಕು.

ಇನ್ನೊಂದು ಪೇಚು ಇದೆ. ಪ್ಯಾನಲ್ ಕೆಲಸ ಮಾಡಬೇಕಾದರೆ ಕಾರು ಬಿಸಿಲಲ್ಲೇ ನಿಲ್ಲಬೇಕು. ನಮ್ಮಲ್ಲಿ ಬೇವಿನ ಮರದ ಕೆಳಗೆ ಒಂದಿಷ್ಟು ನೆರಳು ಸಿಕ್ಕರೆ ಅಲ್ಲೇ ಗಾಡಿ ತೂರಿಸ್ತೀವಿ, ಅಲ್ವಾ? ದಿನವಿಡೀ ಬಿಸಿಲಲ್ಲಿ ಬೆಂದ ಕಾರನ್ನು ಸಂಜೆ ತಣ್ಣಗೆ ಮಾಡೋಕೆ ಎಸಿಯೇ ಅರ್ಧ ಯೂನಿಟ್ ನುಂಗಬಹುದು. ಬ್ಯಾಟರಿಗೂ ಆ ಕಾವು ಒಳ್ಳೆಯದಲ್ಲ.

ಕಂಪನಿಗಳು ಪ್ರಯತ್ನ ಮಾಡಿಲ್ಲ ಅಂತಲ್ಲ. ನೆದರ್ಲೆಂಡ್ಸ್‌ನ ಲೈಟ್‌ಇಯರ್ ಕಾರಿಗೆ 5 ಚದರ ಮೀಟರ್ ಪ್ಯಾನಲ್ ಹೊದಿಸಿತ್ತು, ಬೆಲೆ ಎರಡೂವರೆ ಲಕ್ಷ ಯೂರೋ. 2023ರ ಜನವರಿಯಲ್ಲಿ ತಯಾರಿಕೆಯೇ ನಿಂತಿತು. ಮುಂದಿನ ತಿಂಗಳು ಜರ್ಮನಿಯ ಸೋನೋ ಕೂಡ ತನ್ನ ಸಿಯಾನ್ ಕಾರನ್ನು ಕೈಬಿಟ್ಟಿತು. ಪುಣೆಯ ವೇವ್ ಮೊಬಿಲಿಟಿಯ ಪುಟ್ಟ ಕಾರು 'ಇವಾ'ಗೆ ಸೋಲಾರ್‌ನಿಂದ ವರ್ಷಕ್ಕೆ 3,000 ಕಿ.ಮೀ.ವರೆಗೆ ಸಿಗುತ್ತೆ ಅಂತ ಕಂಪನಿಯೇ ಹೇಳುತ್ತದೆ. 365ರಿಂದ ಭಾಗಿಸಿ ನೋಡಿ, ದಿನಕ್ಕೆ ಎಂಟು.

ಪ್ಯಾನಲನ್ನು ಮನೆ ಮಾಳಿಗೆ ಮೇಲೆ ಹಾಕಿಸಿ. 3 ಕಿಲೋವ್ಯಾಟ್ ಹಾಕಿಸಿದರೆ ದಿನಕ್ಕೆ ಸುಮಾರು 12 ಯೂನಿಟ್, ಕಾರಿಗೆ ಕೊಟ್ಟು ಮನೆಗೂ ಉಳಿಯುತ್ತದೆ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಇದಕ್ಕೆ 78,000 ರೂಪಾಯಿ ಸಬ್ಸಿಡಿ ಇದೆ. ಹಗಲು ನೀವು ಡ್ಯೂಟಿಯಲ್ಲಿ, ಕಾರು ಅಲ್ಲೇ, ಕರೆಂಟ್ ಯಾರಿಗೆ ಅಂತ ಕೇಳಬಹುದು. ನೆಟ್ ಮೀಟರ್ ಇದ್ದರೆ ಹಗಲಿನದ್ದು ಜೆಸ್ಕಾಂ ಲೈನಿಗೆ ಹೋಗುತ್ತದೆ, ರಾತ್ರಿ ನೀವು ಎಳೆದುಕೊಂಡಿದ್ದರ ಜೊತೆ ಲೆಕ್ಕ ಚುಕ್ತಾ ಆಗುತ್ತದೆ.

ಸೋಲಾರ್ ಇಲ್ಲದೆ ಸುಮ್ನೆ ಮನೆ ಪ್ಲಗ್ಗಿಗೆ ಹಾಕ್ತೀನಿ ಅನ್ನೋದಾದರೆ ಗೃಹಜ್ಯೋತಿ ಲೆಕ್ಕ ಮೊದಲು ನೋಡಿಕೊಳ್ಳಿ. ನಿಮ್ಮ ಓಡಾಟಕ್ಕೆ ತಿಂಗಳಿಗೆ 110–120 ಯೂನಿಟ್ ಹೋಗುತ್ತದೆ. ಮನೆ ಬಳಕೆ ಈಗಲೇ ನೂರರ ಹತ್ತಿರ ಇದ್ದರೆ ಎರಡೂ ಸೇರಿ 200 ದಾಟುತ್ತದೆ, ದಾಟಿದ ತಿಂಗಳು ಪೂರ್ತಿ ಬಿಲ್ ನಿಮ್ಮದೇ. ಶೋರೂಮಿನಲ್ಲಿ ಇದನ್ನು ಯಾರೂ ಹೇಳೋದಿಲ್ಲ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಮಡಚೋ ಸೋಲಾರ್ ಶೀಟ್ ಸಿಗುತ್ತೆ. ಅದನ್ನ ಕಾರಿಗೆ ಅಂಟಿಸಿ ಇನ್ವರ್ಟರ್ ಮೂಲಕ ಚಾರ್ಜಿಂಗ್ ಪಾಯಿಂಟ್‌ಗೆ ಕೊಡಬಹುದಾ?
– ಸಿರುಗುಪ್ಪದಿಂದ

ಉತ್ತರ: ಬೇಡ. ಕಾರಿನ ಒಳಗಿರೋ ಚಾರ್ಜರ್ ಕೆಲಸ ಶುರು ಮಾಡೋಕೇ ಸಾಮಾನ್ಯವಾಗಿ 6 ಆಂಪ್ ಬೇಕು, ಅಂದರೆ 1,400 ವ್ಯಾಟ್ ಹತ್ತಿರ. 200–300 ವ್ಯಾಟ್ ಶೀಟ್‌ಗೆ ಅದು ಎಚ್ಚರವೇ ಆಗೋದಿಲ್ಲ. ಹೈವೋಲ್ಟೇಜ್ ಬ್ಯಾಟರಿಗೆ ನೇರವಾಗಿ ವೈರ್ ಕೊಡೋ ಸಾಹಸಕ್ಕಂತೂ ಹೋಗಲೇಬೇಡಿ, ವಾರಂಟಿ ಹೋದರೆ ಹೋಯ್ತು, ಜೀವಕ್ಕೇ ಅಪಾಯ.

ಪ್ರಶ್ನೆ: ನನ್ನದು ಇ-ರಿಕ್ಷಾ, ರಾಯಚೂರು ಊರೊಳಗೇ ಓಡಿಸ್ತೀನಿ. ಮಧ್ಯಾಹ್ನದ ಮೇಲೆ ಚಾರ್ಜ್ ಸಾಲ್ತಿಲ್ಲ. ಇದಕ್ಕೂ ಸೋಲಾರ್ ದಂಡನಾ?
– ರಾಯಚೂರು

ಉತ್ತರ: ನಿಮಗೆ ಮಾತ್ರ ಹಾಕಿಸಿ ಅಂತಲೇ ಹೇಳ್ತೀನಿ ಅಣ್ಣಾ. ಗಾಡಿ ಹಗುರ, ಓಟ ನಿಧಾನ, ಟಾಪ್ ಚಪ್ಪಟೆ, ದಿನವಿಡೀ ಬಿಸಿಲಲ್ಲೇ ಇರುತ್ತೀರಿ. ಒಂದು ಯೂನಿಟ್ ಸಿಕ್ಕರೂ 15 ಕಿ.ಮೀ. ಜಾಸ್ತಿ ಓಡುತ್ತದೆ, ಅದು ಒಂದೆರಡು ಬಾಡಿಗೆ. ಆದರೆ ನಾಲ್ಕು ಬ್ಯಾಟರಿ ಸಾಲಾಗಿ ಸೇರಿ 48 ವೋಲ್ಟ್ ಆಗಿರುತ್ತದೆ, 330 ವ್ಯಾಟಿನ ಒಂದು ಪ್ಯಾನಲ್ ಕೊಡೋದು 38 ವೋಲ್ಟ್ ಅಷ್ಟೇ, ಹಾಗಾಗಿ ನೇರ ಜೋಡಿಸಿದರೆ ಏನೂ ಹತ್ತೋದಿಲ್ಲ. ವೋಲ್ಟೇಜ್ ಏರಿಸೋ ಬೂಸ್ಟ್ ಮಾದರಿ ಚಾರ್ಜ್ ಕಂಟ್ರೋಲರ್ ಅಂತ ಕೇಳಿ ತಗೊಳ್ಳಿ. ಪ್ಯಾನಲ್ 20 ಕೆ.ಜಿ. ಮೇಲೆ ತೂಗುತ್ತದೆ, ರೆಕ್ಸಿನ್ ಟಾಪ್ ಮೇಲೆ ಕಟ್ಟಬೇಡಿ, ಕಬ್ಬಿಣದ ಫ್ರೇಮಿಗೇ ಬೋಲ್ಟ್ ಹಾಕಿಸಿ.