ಕಡುಚಳಿಯ ತಿಂಗಳುಗಳಲ್ಲಿ ದೊಡ್ಡ ಸಲ್ಕಾಟಾ ಆಮೆಯನ್ನು ಎಲ್ಲಿ, ಹೇಗೆ ಇಡಬೇಕು?

ನಿಮ್ಮ ಪ್ರಶ್ನೆಯ ಸಾರಾಂಶವನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ: ಸುಮಾರು 35 ಕಿಲೋ ತೂಕದ, 60 ಸೆಂಟಿಮೀಟರ್ ಉದ್ದದ ಚಿಪ್ಪಿನ ಸಲ್ಕಾಟಾ ಆಮೆಯೊಂದರ ಹೊಣೆ ನಿಮಗೆ ಬಂದಿದೆ, ನೀವಿರುವಲ್ಲಿ ಚಳಿಗಾಲದ ರಾತ್ರಿಗಳು ಸೊನ್ನೆ ಡಿಗ್ರಿಗಿಂತ ಕೆಳಗಿಳಿಯುತ್ತವೆ, ಗ್ಯಾರೇಜಿನಲ್ಲಿ ಒಣಹುಲ್ಲು ಹಾಸಿ, ಮೇಲಿನಿಂದ ಒಂದು ಹೀಟ್ ಬಲ್ಬ್ ಇಳಿಬಿಟ್ಟರೆ ಸಾಕೇ, ಇಲ್ಲವೇ ಚಳಿ ಕಳೆಯುವವರೆಗೆ ಅದನ್ನು ನಿದ್ರಿಸಲು ಬಿಡಬಹುದೇ ಎಂಬುದು ನಿಮ್ಮ ಸಂದೇಹ. ಇಂಥದ್ದೇ ಚಳಿಯಲ್ಲಿ ಇಂಥದ್ದೇ ಆಮೆಯನ್ನು ಹಲವು ವರ್ಷಗಳಿಂದ ಸಾಕುತ್ತಿರುವವನಾಗಿ ಹೇಳುವುದಾದರೆ, ಎರಡೂ ಬೇಡ. ಅದಕ್ಕೆ ಬೇಕಾಗಿರುವುದು ಚಳಿಗಾಲದುದ್ದಕ್ಕೂ ಪ್ರತಿ ರಾತ್ರಿಯೂ 25ರಿಂದ 27 ಡಿಗ್ರಿ ಸೆಲ್ಸಿಯಸ್ ಕಾಯ್ದುಕೊಳ್ಳುವ, ಒಣಗಿದ, ಚಿಕ್ಕದಾದ ಒಂದು ರಾತ್ರಿ ಗೂಡು.

ಮೊದಲು ನಿದ್ರೆಯ ವಿಷಯ. ಸಲ್ಕಾಟಾ ಸಹಾರಾ ಮರುಭೂಮಿಯ ದಕ್ಷಿಣದ ಅಂಚಿನಲ್ಲಿರುವ ಸಾಹೇಲ್ ಪ್ರದೇಶದ ಪ್ರಾಣಿ. ಗಲಾಪಗೋಸ್ ಮತ್ತು ಅಲ್ಡಾಬ್ರಾ ದ್ವೀಪಗಳ ದೈತ್ಯ ಆಮೆಗಳನ್ನು ಬಿಟ್ಟರೆ ನೆಲದ ಮೇಲೆ ಬದುಕುವ ಆಮೆಗಳಲ್ಲಿ ಇದೇ ದೊಡ್ಡದು. ಸೆನೆಗಲ್‌ನಿಂದ ಇಥಿಯೋಪಿಯಾದವರೆಗಿನ ಆ ಒಣ ಬಯಲಿನಲ್ಲಿ ಅದು ಹಲವು ಮೀಟರ್ ಉದ್ದದ ಬಿಲ ತೋಡುತ್ತದೆ, ಆದರೆ ತೋಡುವುದು ಸುಡುವ ಬಿಸಿಲಿನಿಂದ ತಪ್ಪಿಸಿಕೊಂಡು ಮೈಯ ನೀರನ್ನು ಉಳಿಸಿಕೊಳ್ಳಲು. ಹಿಮ ಬೀಳುವ ಕಾಲವನ್ನು ಮಲಗಿ ಕಳೆಯುವ ಶಕ್ತಿ ಅದರ ದೇಹಕ್ಕೆ ಇಲ್ಲ. ಹರ್ಮನ್ ಆಮೆ, ರಷ್ಯನ್ ಆಮೆಗಳಂಥ ಚಿಕ್ಕ ಜಾತಿಗಳು ಹೊಟ್ಟೆಯನ್ನು ಖಾಲಿ ಮಾಡಿಕೊಂಡು, 5 ಡಿಗ್ರಿಯ ಆಸುಪಾಸಿನಲ್ಲಿ ವಾರಗಟ್ಟಲೆ ನಿದ್ರಿಸಬಲ್ಲವು. ಆಮೆ ಸಾಕುವವರಿಗಾಗಿ ಬರೆದ ಹಳೆಯ ಸಲಹೆಗಳಲ್ಲಿ ಬಹುಪಾಲು ಅವುಗಳನ್ನೇ ಕುರಿತದ್ದು, ಆದ್ದರಿಂದ ಯಾರಾದರೂ ಸಲಹೆ ಕೊಟ್ಟರೆ ಯಾವ ಜಾತಿಯ ಆಮೆಯ ಬಗ್ಗೆ ಹೇಳುತ್ತಿದ್ದಾರೆಂದು ಮೊದಲು ಕೇಳಿ. ಚಳಿಗೆ ಸಿಕ್ಕ ಸಲ್ಕಾಟಾ ಕದಲದೆ ಬಿದ್ದಿದ್ದರೆ ಅದು ನೆಮ್ಮದಿಯಾಗಿ ಮಲಗಿದೆ ಎಂದುಕೊಳ್ಳಬಾರದು. ಅದರ ಜೀರ್ಣಕ್ರಿಯೆಯೂ ರೋಗನಿರೋಧಕ ಶಕ್ತಿಯೂ ಕುಗ್ಗಿರುತ್ತವೆ, ಕೆಲವೇ ದಿನಗಳಲ್ಲಿ ಶ್ವಾಸಕೋಶದ ಸೋಂಕು ಹತ್ತಿಕೊಳ್ಳಬಹುದು.

ಆಮೆ ತನ್ನ ಮೈಶಾಖವನ್ನು ತಾನೇ ಉತ್ಪಾದಿಸುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು, ಆದರೆ ಆ ಮಾತಿನ ಪರಿಣಾಮವನ್ನು ಕೊನೆಯವರೆಗೆ ಯೋಚಿಸುವವರು ಕಡಿಮೆ. ಆಮೆಗೆ ಕಂಬಳಿ ಹೊದಿಸುವುದು, ದಪ್ಪನೆಯ ಒಣಹುಲ್ಲಿನಲ್ಲಿ ಹುದುಗಿಸುವುದು, ತಣ್ಣೀರನ್ನು ಫ್ಲಾಸ್ಕಿಗೆ ತುಂಬಿದ ಹಾಗೆ. ತಣ್ಣಗಿದ್ದದ್ದು ತಣ್ಣಗೇ ಉಳಿಯುತ್ತದೆ. ಇನ್ನೊಂದು ಸಂಗತಿಯೆಂದರೆ, 35 ಕಿಲೋ ದೇಹ ಬಿಸಿಯಾಗುವುದೂ ನಿಧಾನ, ತಣಿಯುವುದೂ ನಿಧಾನ. ರಾತ್ರಿಯೆಲ್ಲ 10 ಡಿಗ್ರಿಯಲ್ಲಿ ಕಳೆದ ದೊಡ್ಡ ಆಮೆಯನ್ನು ಬೆಳಗಿನ ಬಿಸಿಲಿಗೆ ಬಿಟ್ಟರೆ ಚಿಪ್ಪಿನ ಮೇಲ್ಮೈ ಒಂದೆರಡು ಗಂಟೆಯಲ್ಲಿ ಕೈಗೆ ಬೆಚ್ಚಗೆ ತಾಗುತ್ತದೆ, ಆದರೆ ಕರುಳಿನವರೆಗೆ ಆ ಶಾಖ ಇಳಿಯುವ ಮೊದಲೇ ಚಳಿಗಾಲದ ಗಿಡ್ಡ ಹಗಲು ಮುಗಿದಿರುತ್ತದೆ. ಹೀಗಾಗಿ, ಹಗಲು ಬಿಸಿಲು ಚೆನ್ನಾಗಿದೆ ಎಂಬ ಸಮಾಧಾನದಲ್ಲಿ ರಾತ್ರಿಯನ್ನು ಅಲಕ್ಷಿಸುವವರ ಆಮೆಗಳೇ ಹೆಚ್ಚಾಗಿ ಕಾಯಿಲೆ ಬೀಳುತ್ತವೆ ಎಂಬುದು ನಾನು ಕಂಡ ಮಟ್ಟಿಗೆ ನಿಜ.

ಗ್ಯಾರೇಜನ್ನೋ ಇಡೀ ಶೆಡ್ಡನ್ನೋ ಬಿಸಿ ಮಾಡಲು ಹೋಗಬೇಡಿ. ಅದರೊಳಗೆ ಒಂದು ಪೆಟ್ಟಿಗೆ ಕಟ್ಟಿ. ನಿಮ್ಮ ಆಮೆಯ ಗಾತ್ರಕ್ಕೆ ಒಳಅಳತೆ 1.8 ಮೀಟರ್ ಉದ್ದ, 1.2 ಮೀಟರ್ ಅಗಲ, 90 ಸೆಂಟಿಮೀಟರ್ ಎತ್ತರವಿದ್ದರೆ ಹೀಟರಿನ ಜಾಗವೂ ಸೇರಿ ಸದ್ಯಕ್ಕೆ ಸಾಕಾಗುತ್ತದೆ. ಅದು ಗಂಡಾಗಿದ್ದರೆ 50 ಕಿಲೋ ದಾಟಿ ಬೆಳೆಯುವ ಸಂಭವವಿರುವುದರಿಂದ ಜಾಗವಿದ್ದರೆ ಉದ್ದವನ್ನು 2.4 ಮೀಟರ್ ಮಾಡುವುದು ಜಾಣತನ. ಎರಡು ಪ್ಲೈವುಡ್ ಹಲಗೆಗಳ ನಡುವೆ 5 ಸೆಂಟಿಮೀಟರ್ ದಪ್ಪದ ಗಟ್ಟಿ ಫೋಮ್ ಹಾಳೆಯನ್ನು ಇಟ್ಟು ಗೋಡೆ, ನೆಲ, ಮುಚ್ಚಳ ಮೂರನ್ನೂ ಕಟ್ಟಬೇಕು. ನೆಲಕ್ಕೆ ಫೋಮ್ ಹಾಕದೆ ಬಿಟ್ಟರೆ ಕಾಂಕ್ರೀಟು ಆಮೆಯ ಹೊಟ್ಟೆಯ ಕಡೆಯಿಂದ ಶಾಖವನ್ನು ಹೀರುತ್ತಲೇ ಇರುತ್ತದೆ. ಫೋಮ್ ಎಲ್ಲಿಯೂ ಬರಿದಾಗಿ ಕಾಣಿಸಬಾರದು, ಏಕೆಂದರೆ ಸಲ್ಕಾಟಾ ಅದನ್ನು ಕಚ್ಚಿ ತಿನ್ನುತ್ತದೆ. ಮುಚ್ಚಳ ಕೀಲಿನ ಮೇಲೆ ಪೂರ್ತಿ ತೆರೆದುಕೊಳ್ಳುವಂತಿರಲಿ. ಸ್ವಚ್ಛ ಮಾಡುವಾಗಲೂ ಆಮೆಯನ್ನು ಪರೀಕ್ಷಿಸುವಾಗಲೂ ಮಂಡಿಯೂರಿ ಒಳಗೆ ತೆವಳುವ ಪಾಡು ತಪ್ಪುತ್ತದೆ.

ಇಷ್ಟು ಚಿಕ್ಕ ಗೂಡು ಏಕೆ ಎಂಬುದಕ್ಕೆ ಲೆಕ್ಕವೇ ಉತ್ತರ ಕೊಡುತ್ತದೆ. ಮೇಲೆ ಹೇಳಿದ ಪೆಟ್ಟಿಗೆಯ ಆರೂ ಮುಖಗಳ ಒಟ್ಟು ವಿಸ್ತೀರ್ಣ 10 ಚದರ ಮೀಟರಿಗಿಂತ ತುಸು ಕಡಿಮೆ. ಹೊರಗೆ ಮೈನಸ್ 3, ಒಳಗೆ 27, ಅಂದರೆ 30 ಡಿಗ್ರಿ ಅಂತರವಿದ್ದಾಗಲೂ 5 ಸೆಂಟಿಮೀಟರ್ ಫೋಮಿನ ಗೋಡೆಗಳ ಮೂಲಕ ಸೋರುವ ಶಾಖ ಸುಮಾರು 180 ವಾಟ್ ಅಷ್ಟೇ. ಬಾಗಿಲಿನ ಸಂದಿಯಿಂದ ಅಷ್ಟೇ ಶಾಖ ಸೋರಿಹೋದರೂ 400 ವಾಟ್ ಮುಟ್ಟುವುದಿಲ್ಲ. ಅದೇ ಫೋಮ್ ಇಲ್ಲದ ಒಂಟಿ ಹಲಗೆಯ ದೊಡ್ಡ ಶೆಡ್ಡಿಗೆ ಇದೇ ತಾಪಮಾನ ಕೊಡಲು ಹಲವು ಸಾವಿರ ವಾಟ್ ಬೇಕಾಗುತ್ತದೆ. ಸಾಮಾನ್ಯ ರೂಮ್ ಹೀಟರೊಂದು ರಾತ್ರಿಯಿಡೀ ಉರಿದರೂ ಅಲ್ಲಿ ಸೋಲುತ್ತದೆ, ಕರೆಂಟ್ ಬಿಲ್ ಮಾತ್ರ ಏರುತ್ತದೆ.

ಶಾಖದ ಮೂಲವಾಗಿ ನಾನು ನಂಬಿರುವುದು ಎಣ್ಣೆ ತುಂಬಿದ ರೇಡಿಯೇಟರ್ ಮಾದರಿಯ ಹೀಟರನ್ನು, ಅದರ ಅತಿ ಕಡಿಮೆ ವಾಟಿನ ಮಟ್ಟದಲ್ಲಿ. ಅದನ್ನು ಬಾಗಿಲಿಗೆ ದೂರದ ಮೂಲೆಯಲ್ಲಿಟ್ಟು, ಮುಂದೆ ದಪ್ಪ ಮರದ ಅಡ್ಡಪಟ್ಟಿಗಳನ್ನು ಬೋಲ್ಟ್ ಹಾಕಿ ಬಿಗಿಯಿರಿ. ಸ್ಕ್ರೂ ಹಿಡಿದು ನಿಲ್ಲುತ್ತದೆ ಎಂದು ನಂಬಬೇಡಿ, ಏಕೆಂದರೆ ದಾರಿಗೆ ಅಡ್ಡ ಬಂದದ್ದನ್ನು ಬಳಸಿಕೊಂಡು ಹೋಗುವ ಅಭ್ಯಾಸ ಈ ಪ್ರಾಣಿಗಿಲ್ಲ, ತಳ್ಳಿಯೇ ಹೋಗುತ್ತದೆ. ಹೀಟರಿಗೂ ಸುತ್ತಲಿನ ಮರಕ್ಕೂ ತಯಾರಕರು ಸೂಚಿಸಿದಷ್ಟು ಅಂತರ ಇರಲೇಬೇಕು, ಗೂಡಿನೊಳಗೆ ಒಣಹುಲ್ಲು ಹಾಸಲೇಬಾರದು. ಹೀಟರನ್ನು ಪ್ರತ್ಯೇಕ ಥರ್ಮೋಸ್ಟಾಟ್‌ಗೆ, ಅಂದರೆ ತಾಪಮಾನ ನೋಡಿಕೊಂಡು ಹೀಟರಿನ ವಿದ್ಯುತ್ತನ್ನು ತಾನಾಗಿ ಕಡಿದು ಮತ್ತೆ ಕೊಡುವ ಸಾಧನಕ್ಕೆ, ಜೋಡಿಸಿ 27 ಡಿಗ್ರಿಗೆ ಹೊಂದಿಸಿ, ಅದರ ಸೆನ್ಸರ್ ತಂತಿಯನ್ನು ಹೀಟರಿನಿಂದ ದೂರದಲ್ಲಿ, ಆಮೆಯ ಚಿಪ್ಪಿನ ಎತ್ತರದಲ್ಲಿ, ಅದು ಉಜ್ಜಿ ಕಿತ್ತುಹಾಕದಂತೆ ಪೈಪಿನೊಳಗೆ ತೂರಿಸಿ ಇಡಿ. ಇಲ್ಲಿ ಅನೇಕರು ಗಮನಿಸದ ಒಂದು ವಿಷಯವಿದೆ: ಹೀಟರ್ ತಿರುಗಿಸುವ ಗುಂಡಿಯದ್ದಾಗಿರಬೇಕು. ಡಿಜಿಟಲ್ ಬಟನ್ನಿನ ಹೀಟರುಗಳಲ್ಲಿ ಬಹಳಷ್ಟು, ಥರ್ಮೋಸ್ಟಾಟ್ ಒಮ್ಮೆ ವಿದ್ಯುತ್ ಕಡಿತ ಮಾಡಿ ಮತ್ತೆ ಕೊಟ್ಟಾಗ ತಾವಾಗಿ ಚಾಲೂ ಆಗುವುದಿಲ್ಲ. ರಾತ್ರಿ ಮೊದಲ ಬಾರಿಗೆ 27 ಮುಟ್ಟಿ ಆಫ್ ಆದ ಮೇಲೆ ಬೆಳಗಿನವರೆಗೂ ಗೂಡು ತಣಿಯುತ್ತಲೇ ಹೋಗುತ್ತದೆ.

ಹೀಟ್ ಬಲ್ಬ್ ಏಕೆ ಬೇಡವೆಂದರೆ, ದೊಡ್ಡ ಆಮೆಯ ಬೆನ್ನು ಬಲ್ಬಿಗೆ ತೀರ ಹತ್ತಿರವಾಗುತ್ತದೆ. ಕೆಳಗಿನ ಕಾಲು, ಹೊಟ್ಟೆ ತಣ್ಣಗೇ ಇರುವುದರಿಂದ ಆಮೆ ಅದರಡಿಯಲ್ಲೇ ಗಂಟೆಗಟ್ಟಲೆ ಕುಳಿತಿರುತ್ತದೆ, ಅಷ್ಟರಲ್ಲಿ ಬೆನ್ನಿನ ನಡುಭಾಗ ಒಣಗಿ ಸುಟ್ಟೇ ಹೋಗಬಹುದು. ಬಿಸಿಯಾಗಬೇಕಾದದ್ದು ಗೂಡಿನ ಗಾಳಿ. ರೇಡಿಯೇಟರ್ ಇಷ್ಟವಿಲ್ಲದಿದ್ದರೆ ಮುಚ್ಚಳದ ಒಳಮೈಗೆ ಅಗಲವಾದ ರೇಡಿಯಂಟ್ ಹೀಟ್ ಪ್ಯಾನೆಲ್ (ಶಾಖ ಸೂಸುವ ಚಪ್ಪಟೆ ಫಲಕ), ನೆಲಕ್ಕೆ ಸಾಕುಪ್ರಾಣಿಗಳಿಗೆಂದೇ ಮಾಡಿದ ಗಟ್ಟಿ ಹೀಟ್ ಮ್ಯಾಟ್ ಜೋಡಿಸುವ ಕ್ರಮವೂ ಒಳ್ಳೆಯದೇ. ಶಾಖ ಸಣ್ಣ ಚುಕ್ಕೆಯಲ್ಲಿ ಕೇಂದ್ರೀಕರಿಸದೆ ಅಗಲಕ್ಕೆ ಹರಡುತ್ತದೆ.

ಬಾಗಿಲಿಗೆ ದಪ್ಪ ಪ್ಲಾಸ್ಟಿಕ್ ಪಟ್ಟಿಗಳ ಪರದೆಯನ್ನು, ಒಂದಡಿ ಅಂತರದಲ್ಲಿ ಎರಡು ಪದರವಾಗಿ ಇಳಿಬಿಡಿ. ಮೊದಮೊದಲು ಆಮೆ ಪಟ್ಟಿಗಳ ಮುಂದೆ ನಿಂತು ತಲೆ ಒಳಗೆಳೆದುಕೊಳ್ಳುತ್ತದೆ. ಕೆಲವು ದಿನ ನಡುವಿನ ಪಟ್ಟಿಗಳನ್ನು ಮೇಲೆ ಕಟ್ಟಿ, ಒಂದೊಂದಾಗಿ ಬಿಚ್ಚುತ್ತ ಬಂದರೆ ತಲೆಯಿಂದ ತಳ್ಳಿಕೊಂಡು ಹೋಗುವುದನ್ನು ಕಲಿಯುತ್ತದೆ. ರಾತ್ರಿ ಇದರ ಹೊರಗೆ ಫೋಮ್ ತುಂಬಿದ ಹಲಗೆಯ ಬಾಗಿಲನ್ನು ಮುಚ್ಚಬೇಕು. ನೆಲದ ಮೇಲೆ ಜಾರದ ರಬ್ಬರ್ ಹಾಸು ಹಾಕಿ.

ಚಳಿ ಬಲಿಯುವ ಮೊದಲೇ ಗೂಡನ್ನು ಅಭ್ಯಾಸ ಮಾಡಿಸಿ. ಆಮೆ ತಾನಾಗಿ ಮನೆ ಸೇರುತ್ತದೆ ಎಂದು ಎಣಿಸಬಾರದು. ಸಂಜೆ ಬಿಸಿಲು ಜಾರಿದ ಕೂಡಲೇ ಅದು ಗೂಡಿನಿಂದ ಹತ್ತು ಹೆಜ್ಜೆ ದೂರದಲ್ಲಿ, ಹಿಂಗಾಲುಗಳನ್ನು ಚಾಚಿಕೊಂಡು, ಗೋಡೆಯ ಮೂಲೆಗೆ ಮೂತಿಯಿಟ್ಟು ನಿಂತುಬಿಡುತ್ತದೆ; ಮುಂಗಾಲಿನ ಹುರುಪೆಗಳನ್ನು ಮುಟ್ಟಿದರೆ ಆಗಲೇ ತಣ್ಣಗಿರುತ್ತವೆ, ತಟ್ಟಿದರೂ ಹೆಜ್ಜೆ ಎತ್ತುವುದಿಲ್ಲ. ಆ ಹಂತದಲ್ಲಿ 35 ಕಿಲೋ ತೂಕವನ್ನು ಎತ್ತುವ ಸಾಹಸ ಮಾಡುವ ಬದಲು ಚಕ್ರವಿರುವ ತಗ್ಗು ಹಲಗೆಯ ಮೇಲೆ ಜರುಗಿಸಿ ತಳ್ಳಿಕೊಂಡು ಬರುವುದು ಸೊಂಟಕ್ಕೂ ಆಮೆಗೂ ಕ್ಷೇಮ. ಅದು ತೋಡಿಕೊಂಡ ಬಿಲವಿದ್ದರೆ ಚಳಿಗಾಲಕ್ಕೆ ಅದರ ಬಾಯನ್ನು ಭದ್ರವಾಗಿ ಮುಚ್ಚಿ. ಸಾಹೇಲ್‌ನ ಒಣ ನೆಲದಲ್ಲಿ ಬಿಲ ರಕ್ಷಣೆ ಕೊಡುತ್ತದೆ, ತೇವವಿರುವ ತಣ್ಣನೆಯ ಮಣ್ಣಿನಲ್ಲಿ ಅದೇ ಬಿಲ ಹೊರತೆಗೆಯಲಾಗದ ಬಲೆಯಾಗುತ್ತದೆ. ತೇವವೂ ಚಳಿಯೂ ಒಟ್ಟಾದಷ್ಟು ಕೆಟ್ಟದ್ದು ಈ ಆಮೆಗೆ ಬೇರೊಂದಿಲ್ಲ.

ಹಗಲಿನಲ್ಲಿ, ಗಾಳಿಯಿಲ್ಲದ, ಬಿಸಿಲಿರುವ, 18 ಡಿಗ್ರಿ ದಾಟಿದ ದಿನಗಳಲ್ಲಿ ನಾನು ಹೊರಗೆ ಬಿಡುತ್ತೇನೆ, ಗೂಡಿನ ಬಾಗಿಲನ್ನು ತೆರೆದೇ ಇಟ್ಟಿರುತ್ತೇನೆ. ಉಳಿದ ದಿನಗಳಿಗಾಗಿ ಗೂಡಿಗೆ ಹೊಂದಿಕೊಂಡಂತೆ ಬೆಳಕಿರುವ, ಬೆಚ್ಚನೆಯ, ಓಡಾಡಲು ಜಾಗವಿರುವ ಒಳ ಆವರಣ ಬೇಕಾಗುತ್ತದೆ. ಅದರ ಗೋಡೆಗಳು ಪಾರದರ್ಶಕವಾಗಿರಬಾರದು; ಆಚೆ ಕಾಣಿಸಿದರೆ ಆಮೆ ದಿನವಿಡೀ ಅಲ್ಲಿಗೇ ನುಗ್ಗುತ್ತದೆ. ಮೈಯಲ್ಲಿ ವಿಟಮಿನ್ ಡಿ–3 ತಯಾರಾಗಲು ಬೇಕಾದ, ಬಿಸಿಲಿನಲ್ಲಿರುವ ಯುವಿ–ಬಿ ಎಂಬ ನೇರಳಾತೀತ ಕಿರಣಗಳನ್ನು ಕಿಟಕಿಯ ಗಾಜು ತಡೆಯುವುದರಿಂದ ಗಾಜಿನ ಮೂಲಕ ಬರುವ ಬಿಸಿಲು ವಿಟಮಿನ್ ಡಿ–3ರ ಕೆಲಸಕ್ಕೆ ಬರುವುದಿಲ್ಲ, ಯುವಿ–ಬಿ ಟ್ಯೂಬ್‌ಲೈಟ್ ಬೇಕು. ಅದರ ಬೆಳಕು ಕಣ್ಣಿಗೆ ಮೊದಲಿನಂತೆಯೇ ಕಂಡರೂ ಯುವಿ–ಬಿ ಪ್ರಮಾಣ ಇಳಿಯುತ್ತ ಹೋಗುವುದರಿಂದ ವರ್ಷಕ್ಕೊಮ್ಮೆ ಬದಲಾಯಿಸುವುದು ಒಳ್ಳೆಯದು.

ಆಹಾರದ ಬಗ್ಗೆ ನೀವು ಕೇಳಿಲ್ಲವಾದರೂ ಅದು ಶಾಖದ ಜೊತೆ ಬೆಸೆದುಕೊಂಡ ವಿಷಯ. ಸಲ್ಕಾಟಾ ಹುಲ್ಲು ತಿನ್ನುವ ಪ್ರಾಣಿ. ಅದರ ದೊಡ್ಡ ಕರುಳಿನಲ್ಲಿರುವ ಸೂಕ್ಷ್ಮಜೀವಿಗಳು ನಾರನ್ನು ಹುದುಗಿಸಿ ಜೀರ್ಣಿಸಲು ಬೆಚ್ಚನೆಯ ಮೈ ಬೇಕು. ತಿಂದ ಮೇಲೆ ಮೈ ತಣ್ಣಗಾದರೆ ಮೇವು ಕರುಳಿನಲ್ಲೇ ಕೊಳೆಯುತ್ತದೆ. ಹಸಿಹುಲ್ಲು ಸಿಗದ ತಿಂಗಳುಗಳಲ್ಲಿ ಒಣಹುಲ್ಲನ್ನು ಚಿಕ್ಕದಾಗಿ ಕತ್ತರಿಸಿ, ನೀರಿನಲ್ಲಿ ನೆನೆಸಿ, ಹಸಿರು ಸೊಪ್ಪಿನೊಂದಿಗೆ ಕಲಸಿ ಕೊಟ್ಟು, ಸೊಪ್ಪನ್ನು ಕ್ರಮೇಣ ಕಡಿಮೆ ಮಾಡಿದರೆ ಬಹುತೇಕ ಆಮೆಗಳು ಒಗ್ಗಿಕೊಳ್ಳುತ್ತವೆ. ಪಾಪಸ್ಸುಕಳ್ಳಿಯ ಎಲೆಯಂಥ ದಪ್ಪ ಹಲಗೆಗಳು ಸಿಕ್ಕಿದರೆ ಮುಳ್ಳು ತೆಗೆದು ಕೊಡಬಹುದು. ಹಣ್ಣನ್ನು ಮತ್ತು ನಾಯಿ ಬೆಕ್ಕುಗಳ ಸಿದ್ಧ ಆಹಾರವನ್ನು ಹತ್ತಿರ ತರಬೇಡಿ.

ಹೀಟರಿನ ಗಾಳಿ ಒಣದಾಗಿರುವುದರಿಂದ ಚಳಿಗಾಲದಲ್ಲಿ ನೀರಿನ ಕೊರತೆ ಗೊತ್ತಾಗದೆ ಬೆಳೆಯುತ್ತದೆ, ಮೂತ್ರಕೋಶದಲ್ಲಿ ಯೂರಿಕ್ ಆಮ್ಲದ ಲವಣಗಳು ಗಟ್ಟಿಯಾಗಿ ಕಲ್ಲಾಗುತ್ತವೆ. ವಾರಕ್ಕೊಮ್ಮೆ ಅಥವಾ ಎರಡು ಬಾರಿ ಅಗಲವಾದ ತೊಟ್ಟಿಯಲ್ಲಿ ಗದ್ದಕ್ಕಿಂತ ಕೆಳಗಿರುವಷ್ಟು ಉಗುರುಬೆಚ್ಚಗಿನ ನೀರಿಟ್ಟು ಅರ್ಧ ಗಂಟೆ ನಿಲ್ಲಿಸಿ, ಪೂರ್ತಿ ಒರೆಸಿ ಒಣಗಿಸಿದ ಮೇಲೆ ಗೂಡಿಗೆ ಬಿಡಿ. ಆಗ ಹೊರಹಾಕುವ ಬಿಳಿಯ ದ್ರವ್ಯ ಮೊಸರಿನಷ್ಟು ಮೆತ್ತಗಿದ್ದರೆ ಸರಿ. ಮರಳಿನಂತೆ ಬೆರಳಿಗೆ ಸಿಕ್ಕರೆ ನೀರು ಸಾಲುತ್ತಿಲ್ಲ.

ಮೂಗಿನ ಹೊಳ್ಳೆಗಳನ್ನು ದಿನವೂ ನೋಡಿ. ನೀರು ಕುಡಿದ ಮೇಲೆ ಮೂಗು ಒದ್ದೆಯಾಗಿರುವುದು ಸಹಜ, ಆದರೆ ಉಸಿರಿನೊಂದಿಗೆ ಗುಳ್ಳೆ ಬರುವುದು, ಬಾಯಿ ತೆರೆದು ಕತ್ತು ಚಾಚಿ ಉಸಿರೆಳೆಯುವುದು, ಸಿಳ್ಳಿನಂಥ ಸದ್ದು, ಮೇವಿನತ್ತ ನಿರಾಸಕ್ತಿ ಕಂಡರೆ ಸರೀಸೃಪಗಳನ್ನು ನೋಡಿ ಅಭ್ಯಾಸವಿರುವ ಪಶುವೈದ್ಯರ ಬಳಿ ಆ ದಿನವೇ ಕರೆದೊಯ್ಯಿರಿ. ಔಷಧಿ ಕೆಲಸ ಮಾಡಬೇಕಾದರೂ ಆಮೆಯ ಮೈ ಬೆಚ್ಚಗಿರಬೇಕು, ಆದ್ದರಿಂದ ದಾರಿಯಲ್ಲೂ ಅದನ್ನು ತಣಿಯಲು ಬಿಡಬೇಡಿ.

ಕರೆಂಟ್ ಹೋಗುವ ಸಂಭವಕ್ಕೂ ಸಿದ್ಧತೆ ಇರಲಿ. ಥರ್ಮೋಸ್ಟಾಟ್‌ಗೆ ಸಂಬಂಧಿಸದ ಬೇರೊಂದು ಥರ್ಮಾಮೀಟರನ್ನು, ತಾಪಮಾನ 22 ಡಿಗ್ರಿಗಿಂತ ಕೆಳಗಿಳಿದರೆ ಮನೆಯೊಳಗೆ ಸದ್ದು ಮಾಡುವಂಥದ್ದನ್ನು ಇಡಿ. ಒಳ್ಳೆಯ ಫೋಮ್ ಗೂಡನ್ನು ಮುಚ್ಚಿಟ್ಟರೆ ಕೆಲವು ಗಂಟೆಗಳ ಕಾಲ ಶಾಖ ಉಳಿದಿರುತ್ತದೆ. ಅಷ್ಟರೊಳಗೆ ಬಟ್ಟೆ ಸುತ್ತಿದ ಬಿಸಿನೀರಿನ ಕ್ಯಾನುಗಳನ್ನು ಒಳಗಿಡಬಹುದು. ಇದ್ದಿಲ ಅಗ್ಗಿಷ್ಟಿಕೆ, ಗ್ಯಾಸ್ ಹೀಟರುಗಳನ್ನು ಮುಚ್ಚಿದ ಜಾಗದಲ್ಲಿ ಹಚ್ಚುವುದು ನಿಮಗೂ ಆಮೆಗೂ ಪ್ರಾಣಾಪಾಯ.

ಗೂಡು ಸಿದ್ಧವಾಗಲು ಒಂದೆರಡು ವಾರ ಹಿಡಿಯಬಹುದು. ಅಲ್ಲಿಯವರೆಗೆ ಆಮೆಯನ್ನು ಗ್ಯಾರೇಜಿನಲ್ಲಿ ಬಿಡದೆ, ಮನೆಯೊಳಗಿನ ಯಾವುದಾದರೂ ಚಿಕ್ಕ ಕೋಣೆಗೆ ಅಥವಾ ಸ್ನಾನದ ಮನೆಗೆ ಸೇರಿಸಿ, ನೆಲಕ್ಕೆ ರಬ್ಬರ್ ಹಾಸು ಹಾಕಿ, ಗೋಡೆಯ ಬುಡಕ್ಕೆ ಹಲಗೆ ಕೊಟ್ಟು, ಕೋಣೆಯನ್ನು 25 ಡಿಗ್ರಿಯಲ್ಲಿಡಿ. ಅದು ಬಾಗಿಲನ್ನು ಕೆರೆಯುತ್ತದೆ, ನೆಲ ಗಲೀಜು ಮಾಡುತ್ತದೆ, ನಿಮ್ಮ ನಿದ್ದೆ ಕೆಡಿಸುತ್ತದೆ; ಎಷ್ಟು ದಿನವಾದರೂ ಸಹಿಸಿಕೊಳ್ಳಿ, ಗೂಡು ಸತತವಾಗಿ ಎರಡು ಮೂರು ರಾತ್ರಿ ಖಾಲಿಯಾಗಿಯೇ 27 ಡಿಗ್ರಿ ಹಿಡಿದು ತೋರಿಸುವವರೆಗೆ ಆಮೆಯನ್ನು ಅದರೊಳಗೆ ಬಿಡಬೇಡಿ.